ಹಳದಿ ರೆಕ್ಕೆಯ ಮೇಲಿನ ಕುಂಕುಮ

ಅದು 2009ರ ಆಯುಧಪೂಜೆ. ರಿಸೆಷನ್ನಿನಲ್ಲಿ ಓಕ್ ಬ್ರೂಕಿನ ನನ್ನ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಕಂಪನಿಯ ಲ್ಯಾಪ್‌ಟಾಪನ್ನೂ ಹಿಂತಿರುಗಿಸಿದ್ದರಿಂದ ಪೂಜೆಗೆ ಉಳಿದ ಆಯುಧವೆಂದರೆ ಹಳೆಯ ಕಾರೊಂದೇ. ಮೈಸೂರಿನಿಂದ ಬಂದಿದ್ದ ಅತ್ತೆ ಅದಕ್ಕೆ ಕುಂಕುಮ ಹಚ್ಚುವುದನ್ನು ಲೊಂಬಾರ್ಡಿನ ನಮ್ಮ ಪಕ್ಕದ ಮನೆಯ ವಾಲ್ಟರ್ ನೋಡುತ್ತ ನಿಂತಿದ್ದರು. ಎಂಬತ್ತೈದರ ಒಂಟಿ ಜೀವ.

ಅವರ ಬಳಿ ಹಳೆಯದೊಂದು ವಿಮಾನವಿತ್ತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಅದಕ್ಕೆ ಬಟ್ಟೆಯ ಹೊದಿಕೆ. ಯುದ್ಧಕಾಲದಲ್ಲಿ ಮಿಲಿಟರಿ ಪೈಲಟ್‌ಗಳಿಗೆ ತರಬೇತಿ ಕೊಡಲು ಬಳಸುತ್ತಿದ್ದದ್ದು. ವಾಲ್ಟರ್ ಹಾರಲು ಕಲಿತದ್ದೂ ಅಂಥದರಲ್ಲೇ. ಡೆಟ್ರಾಯ್ಟಿನಲ್ಲಿ ಅವರ ಮಗನ ಕೆಲಸ ಹೋಗಿ ಮನೆ ಕೈಬಿಡುವಂತಾಗಿತ್ತು. ಅದಕ್ಕೇ ವಿಮಾನ ಮಾರುತ್ತಿದ್ದರು. ಅಂದು ಮಧ್ಯಾಹ್ನವೇ ಕೊಳ್ಳುವವನು ಬರುವವನಿದ್ದ.

ವಿಷಯ ತಿಳಿದ ಅತ್ತೆ, "ಇಷ್ಟು ವರ್ಷ ಅವರನ್ನ ಹೊತ್ಕೊಂಡು ತಿರುಗಿದೆ. ಪೂಜೆ ಮಾಡ್ದೆ ಕಳಿಸ್ತಾರೇನೇ? ನಡಿ, ಡ್ರೈವ್ ಮಾಡು" ಎಂದರು. ನಾನು ಸಂಕೋಚದಿಂದಲೇ ವಾಲ್ಟರ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ಟೋಪಿ ಹಾಕಿಕೊಂಡು ಕಾರು ಹತ್ತಿದರು.

ಅರೋರಾದಾಚೆಯ ಸಣ್ಣ ಏರ್‌ಫೀಲ್ಡಿನಲ್ಲಿ ಅತ್ತೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಒಡೆಯಲು ಎತ್ತಿದ ತೆಂಗಿನಕಾಯಿಯನ್ನು ಅವರ ಕೈಯಿಂದ ಕಿತ್ತುಕೊಂಡು ನಾನು ಕಾರಿನಲ್ಲಿಟ್ಟು ಬರುವಷ್ಟರಲ್ಲಿ ರೆಕ್ಕೆಗೆ ಒದ್ದೆ ಅರಿಶಿನ, ಕುಂಕುಮ ಹಚ್ಚಿಬಿಟ್ಟಿದ್ದರು. ಅರಿಶಿನವೇನೋ ರೆಕ್ಕೆಯ ಹಳದಿ ಬಣ್ಣದಲ್ಲಿ ಸೇರಿಹೋಯಿತು. ಕುಂಕುಮ ಮಾತ್ರ ನಾನು ಒರೆಸಿದಷ್ಟೂ ಹರಡಿತು. ಆಗಲೇ ಗೆಳೆಯನೊಬ್ಬನ ಟ್ರಕ್ಕಿನಲ್ಲಿ ಕೊಳ್ಳುವವನು ಬಂದಿಳಿದ.

ಆತ ಎಲ್ಲವನ್ನೂ ತಟ್ಟಿ ನೋಡಿ, "ಇದೇನು ಕಲೆ?" ಎಂದ. ನಾನು ಬಟ್ಟೆ ಹಿಡಿದು ಮತ್ತೆ ಒರೆಸತೊಡಗಿದೆ. ನಮ್ಮಿಂದ ವ್ಯಾಪಾರ ಮುರಿದರೆ ಆ ಮಗನ ಮನೆಯೂ ಹೋದಂತೆ.

ವಾಲ್ಟರ್ ಅತ್ತೆಯತ್ತ ಕೈ ತೋರಿಸುತ್ತ ನಿಧಾನವಾಗಿ ಹೇಳಿದರು: "ಇದಕ್ಕೆ ಹೇಗೆ ವಿದಾಯ ಹೇಳೋದು ಅಂತ ನನಗೆ ಗೊತ್ತಿರಲಿಲ್ಲ. ಈಕೆಗೆ ಗೊತ್ತಿತ್ತು."

ಆತ ನನ್ನ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು, "ಇರಲಿ ಬಿಡಿ" ಎಂದ. ಕಾಗದಗಳಿಗೆ ಸಹಿಯಾಯಿತು.

ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿಕೊಂಡು ಹೊರಟ ವಿಮಾನವನ್ನು ಆತ ಹಾರಿಸಿಕೊಂಡು ಹೋದ. ವಾಲ್ಟರ್ ಅಳುತ್ತಿದ್ದರು. ಇಂಗ್ಲಿಷ್ ಬಾರದ ಅತ್ತೆ ಅವರ ತೋಳು ಹಿಡಿದು, "ಸುಖವಾಗಿ ತಲುಪತ್ತೆ, ಅಳಬೇಡಿ" ಎಂದರು. ಅರ್ಥವಾದವರಂತೆ ಅವರು ತಲೆಯಾಡಿಸಿದರು.

ಎರಡು ವರ್ಷದ ನಂತರ, ಕೊಂಡವನು ಕಳಿಸಿದ ಒಂದು ಫೋಟೊವನ್ನು ವಾಲ್ಟರ್ ತಂದು ತೋರಿಸಿದರು. ವಿಮಾನದ ರೆಕ್ಕೆಗಳಿಗೆ ಹೊಸ ಬಟ್ಟೆ, ಹೊಸ ಹಳದಿ ಬಣ್ಣ. ಅದೇ ಜಾಗದಲ್ಲಿ, ಅಷ್ಟೇ ಅಗಲಕ್ಕೆ ಕೆಂಪು ಬಣ್ಣದ ಒಂದು ಬೊಟ್ಟು.

ಯಾವ ಊರಿನವನೋ ಅದನ್ನು ಉಳಿಸಿಕೊಂಡ. ಒರೆಸಲು ಹೋದವಳು ಮಾತ್ರ ನಾನು. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ.