ಹೆಣ್ಣು ಎಂದು ಬರೆದ ಸಾಲು

1997ರಲ್ಲಿ ನಾನು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಜನನ ಮರಣ ನೋಂದಣಿಯ ಗುಮಾಸ್ತನಾಗಿದ್ದೆ. ಶಿವಮೊಗ್ಗದ ದುರ್ಗಿಗುಡಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮೇಜಿನ ಮೇಲೆ ಮೂರು ರಿಜಿಸ್ಟರ್‌ಗಳಿದ್ದವು: ಜನನ, ಮರಣ ಮತ್ತು ನಿರ್ಜೀವ ಜನನ. ಮೂರನೆಯದು ಜೀವವಿಲ್ಲದೆ ಹುಟ್ಟಿದ ಮಕ್ಕಳದ್ದು. ಅದರಲ್ಲಿ ತಂದೆ ತಾಯಿಯ ವಿವರ, ದಿನಾಂಕ, ಮಗು ಗಂಡೋ ಹೆಣ್ಣೋ ಎಂಬುದಷ್ಟೇ ಇರುತ್ತಿತ್ತು. ಅದನ್ನು ಕೇಳಿಕೊಂಡು ಯಾರೂ ಕಚೇರಿಗೆ ಬರುತ್ತಿರಲಿಲ್ಲ. ಹಾಗಾಗಿ ಆ ಪುಸ್ತಕವನ್ನು ನಾನು ಸ್ವಲ್ಪ ಹಗುರವಾಗಿಯೇ ಕಾಣುತ್ತಿದ್ದೆ, ಸುಳ್ಳೇಕೆ ಹೇಳಲಿ.

ಒಂದು ಬೆಳಿಗ್ಗೆ ಬಟ್ಟೆ ಅಂಗಡಿಯ ರುದ್ರಪ್ಪ ಬಂದರು. ಪರಿಚಯದವರೇ. ಹಿಂದಿನ ದಿನ ಅವರ ಹೆಂಡತಿ ಗಿರಿಜಾಗೆ ಮನೆಯಲ್ಲೇ ಹೆರಿಗೆಯಾಗಿ, ಮಗು ಸತ್ತೇ ಹುಟ್ಟಿತ್ತು. ರಕ್ತಸ್ರಾವದಿಂದ ಆಕೆಗೆ ಎಚ್ಚರ ತಪ್ಪಿತ್ತು. ಕಣ್ಣು ಬಿಡುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿ ಬಂದಿದ್ದರು.

"ಗಂಡುಮಗು ಸಾರ್. ಎರಡು ಹೆಣ್ಣಾದ್ಮೇಲೆ ಹುಟ್ಟಿದ್ದು. ಅವಳಿಗೆ ಹೆಣ್ಣು ಅಂತ ಹೇಳಿದೀವಿ. ಗಂಡು ಅಂತ ಗೊತ್ತಾದ್ರೆ ತಡ್ಕೊಳಲ್ಲ ಅಂತ ನಮ್ಮಮ್ಮ ಹೇಳಿದ್ರು. ನೀವೂ ಹಂಗೇ ಬರ್ಕೊಂಬಿಡಿ," ಎನ್ನುವಷ್ಟರಲ್ಲಿ ಅವರ ದನಿ ಒಡೆಯಿತು.

ಅವರನ್ನು ಕೂರಿಸಿ ಮೂರನೆಯ ರಿಜಿಸ್ಟರ್ ತೆಗೆದೆ. ಇದನ್ನು ಯಾರು ನೋಡುತ್ತಾರೆ ಎಂದುಕೊಂಡು 'ಹೆಣ್ಣು' ಎಂದು ಬರೆದೆ. ತಿಂಗಳ ವರದಿಯೂ ಹಾಗೇ ಹೋಯಿತು. ದೊಡ್ಡ ಉಪಕಾರ ಮಾಡಿದವನಂತೆ ಅಂದು ನೆಮ್ಮದಿಯಿಂದ ಊಟ ಮಾಡಿದೆ.

ಮೂರು ತಿಂಗಳಾದ ಮೇಲೆ ಗಿರಿಜಾ ಒಬ್ಬರೇ ಬಂದರು. ಹೆರಿಗೆ ಮಾಡಿಸಿದ ಸೂಲಗಿತ್ತಿ ಮಾತಿನ ಭರದಲ್ಲಿ ಗಂಡುಮಗು ಎಂದುಬಿಟ್ಟಿದ್ದಳಂತೆ. ಅತ್ತೆ ಅಲ್ಲವೇ ಅಲ್ಲ ಎಂದರಂತೆ. ರಿಜಿಸ್ಟರ್ ತೋರಿಸಿ ಎಂದು ಗಿರಿಜಾ ಕೇಳಿದರು. ತೋರಿಸಿದೆ. ಆ ಸಾಲನ್ನು ಓದಿ ನನ್ನ ಮುಖ ನೋಡಿದರು.

"ಇದು ನಿಜಾನಾ ಸಾರ್? ನೀವು ಹೌದು ಅಂದ್ರೆ ನಂಬ್ಕೊಂಡು ಮನೆಗೆ ಹೋಗ್ತೀನಿ."

ಹೌದು ಎನ್ನಲು ನಾಲಿಗೆ ಏಳಲಿಲ್ಲ. "ಇಲ್ಲಮ್ಮ, ಗಂಡು. ನಿಮಗೆ ನೋವು ಕಮ್ಮಿ ಆಗ್ಲಿ ಅಂತ..." ಎಂದೆ.

ಆಕೆ ಕೂಗಾಡಲಿಲ್ಲ. "ಹೆಣ್ಣಾದ್ರೆ ಕಮ್ಮಿ ಅಳ್ತೀನಿ ಅಂತ ನಿಮಗೆಲ್ಲ ಯಾರು ಹೇಳಿದ್ರು ಸಾರ್? ದಿನಾ ಮಗಳೇ, ಮಗಳೇ ಅಂತ ಅತ್ತಿದೀನಿ. ಅವನಿಗೆ ಅಂತ ಒಂದು ಹನಿ ಕಣ್ಣೀರೂ ಹಾಕ್ಲಿಲ್ಲ ನಾನು."

ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ಮರುದಿನ ರುದ್ರಪ್ಪನವರ ಮತ್ತು ಸೂಲಗಿತ್ತಿಯ ಹೇಳಿಕೆ ಪಡೆದು, ಮೇಲಧಿಕಾರಿಗೆ ನನ್ನ ತಪ್ಪನ್ನು ಬರೆದುಕೊಟ್ಟೆ. ಮೆಮೊ ಬಂತು, ಬರಬೇಕಾದ್ದೇ. ರಿಜಿಸ್ಟರ್‌ನಲ್ಲಿ ಹಳೆಯ ಬರಹವನ್ನು ಅಳಿಸುವಂತಿಲ್ಲ. ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿಯಾಗುವವರೆಗೂ ರುದ್ರಪ್ಪನವರ ಜೊತೆ ಬಂದಿದ್ದ ಗಿರಿಜಾ ಎದುರಿಗೇ ನಿಂತಿದ್ದರು. ಆಮೇಲೆ ಗಂಡನ ಕಡೆ ತಿರುಗಿ, "ಎಲ್ಲಿ ಮಣ್ಣು ಮಾಡಿದ್ರಿ, ಈಗ್ಲಾದ್ರೂ ತೋರ್ಸಿ," ಎಂದರು. ರುದ್ರಪ್ಪ ಮುಂದೆ ನಡೆದರು.

ನಿವೃತ್ತನಾಗುವವರೆಗೂ ನಾನು ಅದೇ ಕೆಲಸದಲ್ಲಿದ್ದೆ. ಯಾರಿಗೆ ಎಷ್ಟು ದುಃಖ ಸಾಕು ಎಂದು ತೀರ್ಮಾನಿಸುವುದು ಗುಮಾಸ್ತನ ಕೆಲಸವಲ್ಲ ಎಂಬುದನ್ನು ಆ ತಾಯಿಯಿಂದ ಕಲಿತೆ. ಅಪ್ಪ ಅಮ್ಮನ ವಿವರ, ದಿನಾಂಕ ಬಿಟ್ಟರೆ, ಆ ಮಗುವಿನದೇ ಎಂದು ಬರೆದಿಡಲು ಇದ್ದದ್ದು ಒಂದೇ ಒಂದು ಸಂಗತಿ. ಅದನ್ನೂ ನಾನು ಗೊತ್ತಿದ್ದೇ ತಪ್ಪು ಬರೆದಿದ್ದೆ.