ನನ್ನ ಎದೆಯ ನಲವತ್ತು, ಮೊಮ್ಮಗಳ ಲಗ್ನ

ನನ್ನ ಹೃದಯ ನೂರಕ್ಕೆ ಅರವತ್ತು ಪಾಲು ಸತ್ತಿರಲಿಲ್ಲ. ನಮ್ಮ ಮನೆಯವರಿಗೆ ಲೆಕ್ಕ ತಿಳಿದಿರಲಿಲ್ಲ, ಅಷ್ಟೇ. ಆ ತಪ್ಪು ಲೆಕ್ಕಕ್ಕೆ ನನ್ನ ಮೊಮ್ಮಗಳ ಓದು ಹಾಳಾಗುವುದರಲ್ಲಿತ್ತು.

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನನಗೆ ಹಾರ್ಟ್ ಅಟ್ಯಾಕ್ ಆಯಿತು. ನಮ್ಮದು ತೆಲಂಗಾಣದ ಗಡಿಯ ಮಕ್ತಲ್. ಎಮ್ಮೆ ಹಿಂಡಿ ಏಳುವಾಗ ಎದೆ ಹಿಡಿದುಕೊಂಡಿತು, ಎಡಗೈ ಜೋಮು ಬಂತು, ಮೈಯೆಲ್ಲ ಬೆವರು. ಮಗ ಬಸವರಾಜ ಕಾರು ಮಾಡಿಕೊಂಡು ರಾಯಚೂರಿಗೆ ಒಯ್ದ. ಅಲ್ಲಿ ಸ್ಟೆಂಟ್ ಹಾಕಿ ಉಳಿಸಿದರು. ಮನೆಗೆ ಕಳಿಸುವಾಗ ಎದೆಯ ಸ್ಕ್ಯಾನಿಂಗ್ ಮಾಡಿ, ಹೃದಯದ ಪಂಪಿಂಗ್ ನಲವತ್ತು ಪರ್ಸೆಂಟ್ ಇದೆ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು.

ನನ್ನ ಮಗ ಆ ನಲವತ್ತನ್ನು ನೂರರಿಂದ ಕಳೆದ. "ಅವ್ವಂದು ಅರವತ್ತು ಪಾಲು ಹೋಗೇತಿ" ಅಂತ ಸೊಸೆಯ ಕಿವಿಯಲ್ಲಿ ಹೇಳಿದ. ನನ್ನ ಕಿವಿಗೇನೂ ಆಗಿರಲಿಲ್ಲ, ಕೇಳಿಸಿತು.

ಮೊಮ್ಮಗಳು ಗಿರಿಜಾ ಗದ್ವಾಲದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಕಡೆಯ ವರ್ಷ ಓದುತ್ತಿದ್ದಳು. ಅವಳಿಗೆ ಮಾಗನೂರಿನ ಹುಡುಗನನ್ನು ಗೊತ್ತು ಮಾಡಿ, ಪರೀಕ್ಷೆ ಮುಗಿದ ಮೇಲೆ ಲಗ್ನ ಎಂದು ಮಾತಾಗಿತ್ತು. ಆದರೆ ನಮ್ಮಲ್ಲಿ ಮನೆಯ ಹಿರಿಯರು ಹೋದರೆ ವರ್ಷ ತುಂಬುವ ತನಕ ಲಗ್ನ ಮಾಡುವುದಿಲ್ಲ. ಅದಕ್ಕೇ ನಾನು ಹೋಗುವುದರೊಳಗೆ ಅಕ್ಕಿಕಾಳು ಬೀಳಲಿ ಅಂತ ಮಗ ಬೀಗರೊಡನೆ ಮಾತಾಡಿ, ಲಗ್ನವನ್ನು ಪರೀಕ್ಷೆಗಿಂತ ಮೊದಲೇ ಇಟ್ಟುಬಿಟ್ಟ. ಹುಡುಗಿ ಕಾಲೇಜು ಬಿಟ್ಟು ಬಂದಳು.

"ಆಯಿ, ನೀ ಕಣ್ಣಾರೆ ನೋಡಿದ್ರ ಸಾಕು. ಪರೀಕ್ಷೆ ಮುಂದಿನ ವರ್ಷ ಬರದ್ರಾತು" ಅಂದಳು. ಮದುವೆಯಾದ ಮೇಲೆ ಯಾವ ಪರೀಕ್ಷೆ? ಸಿಟ್ಟು ಬಂತು. ಆದರೆ ನನಗೂ ಒಳಗೆ ಅದೇ ಭಯ. ಗೋಡೆ ಹಿಡಿದು ನಡೆಯುತ್ತಿದ್ದೆ.

ಮೂರು ತಿಂಗಳಿಗೆ, ಲಗ್ನ ಇನ್ನೂ ಮುಂದಿರುವಾಗಲೇ, ನಾರಾಯಣಪೇಟೆಯಲ್ಲಿ ಮತ್ತೆ ಸ್ಕ್ಯಾನಿಂಗ್ ಆಯಿತು. ಡಾಕ್ಟರಮ್ಮ ತೆಲುಗಿನವರು, ಕನ್ನಡ ಚೆನ್ನಾಗಿ ಬರುತ್ತಿತ್ತು. "ಐವತ್ತು ಬಂದೈತಿ, ಚಲೋ ಆತು" ಅಂದರು.

"ಇನ್ನೂ ಅರ್ಧ ಹೋದಂಗಾತಲ್ರೀ ಮೇಡಂ?" ಅಂದ ಮಗ.

ಅವರು ನಕ್ಕರು. "ನಿಮ್ಮದು ನೋಡಿದ್ರೂ ಅರವತ್ತರ ಆಸುಪಾಸೇ ಬರ್ತೈತಿ. ಯಾರ ಹೃದಯಾನೂ ಒಳಗಿನ ರಕ್ತ ಪೂರಾ ಹೊರಗ ಹಾಕಂಗಿಲ್ರೀ. ಒಂದು ಬಡಿತಕ್ಕ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಾಕಿದ್ರ ಅದು ಗಟ್ಟಿ ಹೃದಯ. ಉಳಿದದ್ದು ಸತ್ತದ್ದಲ್ಲ."

"ಅಂದ್ರ ಎಮ್ಮಿ ಹಿಂಡಿದಂಗ" ಅಂದೆ ನಾನು. "ಕರುವಿಗೆ ಬಿಟ್ಟೇ ಹಿಂಡ್ತೀವಿ. ಕೆಚ್ಚಲದಾಗ ಹಾಲು ಉಳೀತಂತ ಎಮ್ಮಿ ಅರ್ಧ ಸತ್ತೈತಿ ಅಂತೀವೇನ್ರೀ?"

"ಹಂಗೇ ಅನ್ಕೋರಿ ಅಮ್ಮಾ. ಆದ್ರ ಗುಳಿಗಿ ಬಿಡಬ್ಯಾಡ್ರಿ. ದಿನಾ ನಡೀರಿ. ದಮ್ಮು ಹತ್ತಿದ್ರ, ಕಾಲು ಬಾತ್ರ ತಡ ಮಾಡಬ್ಯಾಡ್ರಿ, ಬರ್ರಿ."

ಹೊರಗೆ ಬಂದು ಮಗನಿಗೆ, "ರಾಯಚೂರಾಗ ಬಾಯಿ ಬಿಟ್ಟು ಕೇಳಾಕ ಏನಾಗಿತ್ತೋ ನಿನಗ?" ಅಂದೆ.

"ಕೇಳಾಕ ಹೆದರಿಕಿ ಬಂತವ್ವಾ" ಅಂದ. ಬಸ್ಸಿನಲ್ಲಿ ಅವನ ಹೆಗಲಿಗೆ ಒರಗಿ ಮಕ್ತಲ್ ಬರುವ ತನಕ ಮಲಗಿಬಿಟ್ಟೆ. ಅಟ್ಯಾಕ್ ಆದ ಮೇಲೆ ಅಂಥ ನಿದ್ದೆ ಬಂದಿರಲಿಲ್ಲ.

ಈಗ ಯಾರಾದರೂ ರಿಪೋರ್ಟು ಹಿಡಿದುಕೊಂಡು ಅಳುತ್ತಿದ್ದರೆ, "ಚಲೋ ಇದ್ದವರಿಗೆ ಎಷ್ಟಿರತೈತಿ ಅಂತ ಮೊದಲು ಕೇಳ್ರಿ, ಆಮ್ಯಾಗ ಅಳ್ರಿ" ಎನ್ನುತ್ತೇನೆ.

ಆ ಸ್ಕ್ಯಾನಿಂಗ್ ಆದ ಮರುದಿನ ಬೆಳಿಗ್ಗೆ ಗುಳಿಗೆ ನುಂಗಿ, ಮಾಗನೂರಿನ ಬೀಗತಿಗೆ ನಾನೇ ಫೋನು ಹಚ್ಚಿದೆ. "ನಾ ಇಷ್ಟರಾಗ ಸಾಯಂಗಿಲ್ರೀ. ಲಗ್ನ ಪರೀಕ್ಷೆ ಆದ ಮ್ಯಾಲೇ ಇಡೋಣ" ಅಂದೆ.

"ಅಯ್ಯ, ನಾವೂ ನಿಮ್ಮ ಸಲುವಾಗೇ ಅವಸರ ಮಾಡಿದ್ವಿ ತಗೋರಿ" ಅಂದರು ಆಕೆ.

ಆಮೇಲೆ ಗಿರಿಜಾಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ತನಕ ನಡೆದೇ ಹೋಗಿ, ಗದ್ವಾಲದ ಬಸ್ಸು ಹತ್ತಿಸಿದೆ.