ಬರೆದುಕೊಳ್ಳದೆ ಬಿಟ್ಟ ಮಗಳು

ಡಿಗ್ರಿಗೆ ನಾನು ಕೇಳಿದ್ದು ಮನಃಶಾಸ್ತ್ರ. ಆ ಸೀಟುಗಳು ಮುಗಿದಿದ್ದವು, ಮಾನವಶಾಸ್ತ್ರದಲ್ಲಿ ಜಾಗವಿತ್ತು. ತಣಿಸಂದ್ರದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಅಬ್ಬ, ಅದರಲ್ಲಿ ಏನು ಓದುತ್ತಾರೆ ಎಂದು ಕೇಳಿದರು. ಮನುಷ್ಯರನ್ನು ಎಂದೆ. ಅದಕ್ಕೂ ಕಾಲೇಜು ಬೇಕಾ ಎಂದು ನಕ್ಕು ಅರ್ಜಿಗೆ ಸಹಿ ಹಾಕಿದರು.

ಎರಡನೆಯ ವರ್ಷದಲ್ಲಿ ಯಾವುದಾದರೂ ಒಂದು ಕುಟುಂಬದ ವಂಶಾವಳಿ ಬರೆದು ತರಬೇಕಿತ್ತು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೆ ಒಂದು ಓರೆ ಗೆರೆ. ಸ್ವಂತ ಮನೆಯದು ಬೇಡ, ಬೇರೆಯವರ ಮನೆಗೆ ಹೋಗಿ ಎಂದು ಮೇಡಮ್ ಹೇಳಿದ್ದರು. ನನಗೆ ನೆನಪಾದದ್ದು ಯಲಹಂಕದಲ್ಲಿ ಬಸ್ಸಿಳಿಯುವ ಕಡೆ ಸೊಪ್ಪು ಮಾರುತ್ತಿದ್ದ ಅಜ್ಜಿ. ಅಮ್ಮಿಗೆಂದು ಆಗಾಗ ಅವರ ಹತ್ತಿರ ಮೆಂತ್ಯ ಸೊಪ್ಪು ಕೊಳ್ಳುತ್ತಿದ್ದೆ. ಕೇಳಿದಾಗ, "ನನ್ ಕತೆ ಬರ್ದು ನೀನ್ ಪಾಸಾಗ್ತೀಯಾ?" ಎಂದು ನಕ್ಕರು. ಶನಿವಾರ ಮಧ್ಯಾಹ್ನ ಮನೆಗೆ ಬರಲು ಹೇಳಿದರು.

ಮನೆ ಪುಟ್ಟೇನಹಳ್ಳಿ ಕೆರೆಯ ಆಚೆ. ಸುತ್ತ ಅಪಾರ್ಟ್‌ಮೆಂಟುಗಳು ಬಂದರೂ ಆ ಓಣಿಯಲ್ಲಿ ಹಳೆಯ ಮನೆಗಳೇ ಇದ್ದವು. ಅಜ್ಜಿ ಮಜ್ಜಿಗೆ ಕೊಟ್ಟು, ಮುತ್ತಾತನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಹೇಳುತ್ತಾ ಹೋದರು. ತಮ್ಮ ಮಕ್ಕಳ ಸರದಿ ಬಂದಾಗ ನಾಲ್ಕು ಹೆಸರು ಹೇಳಿದರು. ವಯಸ್ಸು ಬರೆದುಕೊಳ್ಳುವಾಗ ಎರಡನೆಯವನಿಗೂ ಮೂರನೆಯವನಿಗೂ ಏಳು ವರ್ಷ ಅಂತರವಿರುವುದು ಕಂಡಿತು. ಕ್ಲಾಸಿನಲ್ಲಿ ಕಲಿಸಿದ್ದನ್ನು ಚಾಚೂತಪ್ಪದೆ ಮಾಡುವ ಹುಮ್ಮಸ್ಸು ನನಗೆ. "ಮಧ್ಯೆ ಯಾರಾದ್ರೂ ತೀರ್ಕೊಂಡ್ರಾ ಅಜ್ಜಿ?" ಎಂದುಬಿಟ್ಟೆ.

ಅವರು ಬಾಗಿಲ ಕಡೆ ನೋಡಿದರು. ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಸತ್ತಿಲ್ಲ. ಬಾಗಲಗುಂಟೇಲ್ ಅವ್ಳೆ," ಎಂದರು ದನಿ ತಗ್ಗಿಸಿ. "ನಮ್ಮಕ್ಕಂಗೆ ಮಕ್ಳಿರ್ಲಿಲ್ಲ. ಮೂರು ತಿಂಗ್ಳು ಕೂಸು, ಎತ್ತಿ ಕೊಟ್ಬುಟ್ಟೆ. ಈಗ ನನ್ನ ಚಿಕ್ಕಮ್ಮ ಅಂತಾಳೆ. ಅವ್ಳಿಗೆ ಗೊತ್ತಿಲ್ಲ. ಬರ್ಕೋಬ್ಯಾಡ ಕಣವ್ವ."

ನಾನು ಪೆನ್ನು ಕೆಳಗಿಟ್ಟೆ. ಅವರೇ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿಕೊಟ್ಟು, "ಮೂರ್ನೇವ್ನ್ ಹೆಂಡ್ತಿ ಹೆಸ್ರು ಬರ್ಕೋ," ಎಂದರು.

ಬರೆದದ್ದನ್ನು ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ನಿಯಮ. ಎರಡು ವಾರದ ನಂತರ ಒಂದು ಭಾನುವಾರ ದೊಡ್ಡ ಹಾಳೆ ಸುತ್ತಿಕೊಂಡು ಹೋದೆ. ಅಂದು ಬಾಗಲಗುಂಟೆಯಿಂದ ಆ ಮಗಳು ಬಂದಿದ್ದರು. ನಲವತ್ತೈದರ ಆಸುಪಾಸು. ಅಜ್ಜಿಯದೇ ಗಲ್ಲ, ಅಜ್ಜಿಯದೇ ಕುಳ್ಳ ಮೈಕಟ್ಟು. ಹಾಳೆಯನ್ನು ನೆಲದ ಮೇಲೆ ಹಾಸಿದಾಗ ಅವರೂ ಬಂದು ಕೂತರು.

"ನಾನೆಲ್ಲಿದೀನಿ ಇದ್ರಲ್ಲಿ?"

ನಾನು ಒಂದು ವೃತ್ತ ತೋರಿಸಿ, "ನಿಮ್ಮ ದೊಡ್ಡಮ್ಮನ ಕೆಳಗೆ," ಎಂದೆ. ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅಜ್ಜಿಯ ಅಕ್ಕ ಅವರಿಗೆ ದೊಡ್ಡಮ್ಮನಲ್ಲ, ಅಮ್ಮ. "ನಿಮ್ಮ ಅಮ್ಮನ ಕೆಳಗೆ," ಎಂದು ತಿದ್ದಿಕೊಂಡೆ. ಅಜ್ಜಿ ಎದ್ದು ಒಳಗೆ ಹೋದರು. ಆಕೆ ಹಾಳೆಯನ್ನು ಬಹಳ ಹೊತ್ತು ನೋಡಿ, "ಚೆನ್ನಾಗ್ ಬರ್ದಿದೀಯಮ್ಮ," ಎಂದಷ್ಟೇ ಹೇಳಿದರು.

ನಾನು ಹೊರಟಾಗ ತಾವೂ ಬಸ್‌ಸ್ಟಾಪಿನವರೆಗೆ ಬಂದರು. ಕೆರೆ ಏರಿಯ ಹತ್ತಿರ ನಿಂತರು.

"ಚಿಕ್ಕಮ್ಮ ನಿಂಗೆ ಹೇಳಿದಾರಲ್ವಾ?"

ನಾನು ಕೈಯಲ್ಲಿದ್ದ ಹಾಳೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತತೊಡಗಿದೆ.

"ಹೆದರ್ಕೋಬೇಡ. ನನ್ ಮದ್ವೇಲಿ ಯಾರೋ ನೆಂಟ್ರು ಬಾಯ್ತಪ್ಪಿ ಅಂದ್ಬಿಟ್ರು. ಆಗ್ಲಿಂದ ಗೊತ್ತು. ಅಮ್ಮಂಗೆ ನೋವಾಗುತ್ತೆ ಅಂತ ಬಾಯಿ ಬಿಟ್ಟಿಲ್ಲ. ಚಿಕ್ಕಮ್ಮಂಗೂ ಹೇಳಿಲ್ಲ."

"ಕೋಪ ಬರ್ಲಿಲ್ವಾ?"

"ಬಂತು. ಒಂದು ವರ್ಷ ಈ ಕಡೆ ಬರ್ಲೇ ಇಲ್ಲ. ಆಮೇಲೆ ನನಗೇ ಮಗು ಆಯ್ತು. ಮೂರು ತಿಂಗ್ಳಾದಾಗ ಎತ್ಕೊಂಡು ಕೂತಿದ್ದೆ. ಇದನ್ನ ಹೆಂಗ್ ಕೊಟ್ಟಿರ್ಬೋದು ಅನ್ನಿಸ್ತು. ಅವತ್ತಿಂದ ಪ್ರತಿ ಭಾನುವಾರ ಬರ್ತೀನಿ."

ತಣಿಸಂದ್ರದವರೆಗೂ ನಾನು ಬಸ್ಸಿನ ಕಿಟಕಿಗೆ ಒರಗಿ ಕೂತಿದ್ದೆ. ಅಜ್ಜಿಯ ಗುಟ್ಟು ಮಗಳಿಗೆ ಗೊತ್ತಿತ್ತು. ಗೊತ್ತೆಂಬುದು ಅಜ್ಜಿಗೆ ಗೊತ್ತಿರಲಿಲ್ಲ. ಎರಡೂ ನನ್ನ ಹತ್ತಿರ ಇದ್ದವು. ಓಡಿಹೋಗಿ ಅಜ್ಜಿಗೆ ಹೇಳಿಬಿಡಬೇಕು ಎಂದು ಹಲವು ಸಲ ಅನ್ನಿಸಿದೆ. ಆಮೇಲೆ ಸೊಪ್ಪು ಕೊಳ್ಳಲು ಹೋದಾಗಲೆಲ್ಲ ಅವರ ಮುಖ ನೋಡುವುದೇ ಕಷ್ಟವಾಗುತ್ತಿತ್ತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಮೇಷ್ಟ್ರು ನೇರವಾಗಿ ಆ ಏಳು ವರ್ಷದ ಮೇಲೆಯೇ ಬೆರಳಿಟ್ಟರು. "ಇಲ್ಲಿ ಕೇಳ್ಬೇಕಿತ್ತಲ್ಲಮ್ಮ?"

"ಮರ್ತೆ ಸರ್."

"ಇದೇ ಮುಖ್ಯವಾದ ಪ್ರಶ್ನೆ. ಇದನ್ನೇ ಮರೆತ್ರೆ ಹೇಗೆ?" ಎಂದು ಅಂಕ ಕಡಿಮೆ ಹಾಕಿದರು. ನಮ್ಮ ಮೇಡಮ್ ಪಕ್ಕದಲ್ಲೇ ಇದ್ದರು. ನಾನು ಏನನ್ನೂ ಮರೆಯುವ ಹುಡುಗಿಯಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಕೇಳಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಸಿಕ್ಕಾಗ ಹೆಗಲ ಮೇಲೆ ಕೈಯಿಟ್ಟು, "ಊಟ ಮಾಡ್ದೆಯಾ?" ಎಂದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ನನಗೆ ಆಗ ಅಳು ಬಂತು.

ಡಿಗ್ರಿ ಮುಗಿದು ಕೆಲವು ವರ್ಷಗಳಾದ ಮೇಲೆ ಬಾಗಲಗುಂಟೆಯಿಂದ ಫೋನ್ ಬಂತು. ಅಷ್ಟರಲ್ಲಿ ಅವರನ್ನು ಸಾಕಿದ ತಾಯಿ ತೀರಿಕೊಂಡಿದ್ದರು. ಈಗ ಅಜ್ಜಿಯೂ ಹೋದರು ಎಂದರು. ಕೊನೆಯ ತಿಂಗಳು ತಾವೇ ಜೊತೆಗಿದ್ದು ನೋಡಿಕೊಂಡರಂತೆ.

"ಅಜ್ಜಿ ಹೇಳಿದ್ರಾ?" ಎಂದು ಕೇಳಿದೆ.

"ಒಂದಿನ ಹೇಳೋಕೆ ಬಾಯಿ ತೆಗೆದ್ರು. ಎಷ್ಟೊತ್ತಾದ್ರೂ ಮಾತು ಬರ್ಲಿಲ್ಲ. ನಾನೇ, ನಂಗೊತ್ತು, ಮಲಕ್ಕೊಳ್ಳಿ ಅಂದೆ. ನನ್ನೇ ನೋಡಿದ್ರು. ಆಮೇಲೆ ಕೈ ಹಿಡ್ಕೊಂಡು ನಿದ್ದೆ ಹೋದ್ರು."

ಆಮೇಲೆ ಅವರು, "ಈಗ ಬೇಕಾದ್ರೆ ಬರಿ ಕಣಮ್ಮ. ಹೆಸ್ರು ಮಾತ್ರ ಹಾಕ್ಬೇಡ," ಎಂದರು.